ತೃತೀಯಾ ವಿಭಕ್ತಿ

ಪ್ರಾಜೆಕ್ಟ್ ರಿಪೋರ್ಟಿಗೆ ಸ್ಪೈರಲ್ ಹಾಕಿಸಲು ಬಂದ ಇರ್ಷಾದ್
ಕಾಯುತ್ತ ಕೂತವ ನನ್ನ ಸ್ಕ್ರೀನಿಗೆ ಇಣುಕಿ ಹೇಳಿದ:
ವಾರಿಜಕ್ಕ, ನಿಮ್ಮ ಈ ಕೆಲಸಕ್ಕೆ ಇಂಗ್ಲಿಷಲ್ಲಿ ಒಂದು ಶಬ್ದ ಉಂಟು,
ನೆಕ್ರಾಲಜಿಸ್ಟ್.

ನನಗೆ ಕೇಳಿದ್ದು ಬೇರೆ.
ಕಿಡ್ನಿಯ ಡಾಕ್ಟರಾ, ಎಂದೆ.
ಅಲ್ಲಕ್ಕ, ಅದು ಫ್ರಾ. ಇದು ಕ್ರಾ.
ಸತ್ತವರ ಸುದ್ದಿ ಬರೆಯುವವರು.

ಉಪ್ಪಳದ ಬಸ್‌ಸ್ಟ್ಯಾಂಡಿನ ಹಿಂದೆ
ಮೀನಿನ ಪೆಟ್ಟಿಗೆಯ ಐಸು ಕರಗಿ ಹರಿಯುವ ಓಣಿಯಲ್ಲಿ
ಜೆರಾಕ್ಸ್, ಲ್ಯಾಮಿನೇಶನ್, ಮದುವೆ ಕಾಗದ,
ಮತ್ತೆ ಸಂಜೆ ಪತ್ರಿಕೆಗೆ ನಿಧನ ವಾರ್ತೆ.
ಆರು ಸಾಲು ಉಚಿತ, ಫೋಟೋಗೆ ಇನ್ನೂರೈವತ್ತು.
ಅಷ್ಟು ದೊಡ್ಡ ಶಬ್ದ ಬೋರ್ಡಿನಲ್ಲಿ ಬರೆಸಿದರೆ
ಜನ ಮೂತ್ರದ ರಿಪೋರ್ಟ್ ಹಿಡಿದು ಬಂದಾರು.

ನನಗೆ ಗೊತ್ತಿರುವುದು ಸಣ್ಣ ಸಂಗತಿ.
ಪಂಚಾಯತಿನ ಮರಣಪತ್ರದಲ್ಲಿ
ಐತಪ್ಪ ಐತಪ್ಪನ್ ಆಗಿರುತ್ತಾರೆ.
ಬದುಕಿಡೀ ಯಾರೂ ಕರೆಯದ ಅರ್ಧಾಕ್ಷರವೊಂದು
ಸತ್ತ ಮೇಲೆ ಹೆಗಲೇರಿ ಕೂತಿರುತ್ತದೆ.
ಬ್ಯಾಂಕಿಗೆ ಆ ನ್ ಬೇಕು. ನನ್ನ ಸಾಲಿಗೆ ಬೇಡ.
ಒಂದು ಬೆರಳಲ್ಲಿ ಇಳಿಸಿಬಿಡುತ್ತೇನೆ,
ಮಕ್ಕಳಿಗೂ ಗೊತ್ತಾಗುವುದಿಲ್ಲ.

ಸುಳ್ಳೂ ಬರೆದಿದ್ದೇನೆ.
ನಾಲ್ಕೇ ಜನ ಬಂದ ಮನೆಗೂ ಅಪಾರ ಬಂಧುಬಳಗ.
ಹನ್ನೊಂದು ವರ್ಷ ಹಾಸಿಗೆ ಹಿಡಿದ ಲೀಲಾವತಿಯವರು
ಅಲ್ಪಕಾಲದ ಅಸೌಖ್ಯದಿಂದ.
ಸೊಸೆ ಕೇಳಿದ್ದು ಹಾಗೆ, ಪಾಪ.

ಆದರೆ ಇರ್ಷಾದ್, ಫ್ರಾ ನನಗೆ ಚೆನ್ನಾಗಿ ಗೊತ್ತು.
ನಮ್ಮ ಜತ್ತಪ್ಪಣ್ಣ, ಬೀಡಿ ಬ್ರಾಂಚಿನ ಚೆಕ್ಕರ್,
ವಾರಕ್ಕೆ ಮೂರು ಸಲ
ತಲಪಾಡಿಗೊಂದು ಬಸ್ಸು, ತೊಕ್ಕೊಟ್ಟಿಗೆ ಇನ್ನೊಂದು,
ದೇರಳಕಟ್ಟೆಗೆ ಮತ್ತೊಂದು.
ನಾಲ್ಕು ಗಂಟೆ ಮೆಷಿನಿನ ಪಕ್ಕ ಮಲಗಿ
ಬರುವಾಗ ಎಣ್ಣೆ ಕಾಗದದಲ್ಲಿ ಬನ್ಸ್ ತರುತ್ತಿದ್ದ.
ಸೂಜಿಗೆಂದು ನರ ಸೇರಿಸಿ ಹೊಲಿದ ಎಡಗೈಗೆ ಕಿವಿಯಿಟ್ಟರೆ
ಒಳಗೆ ದುಂಬಿ ಗುಂಯ್‌ಗುಡುವ ಸದ್ದು.
ಮಕ್ಕಳು ಸರದಿಯಲ್ಲಿ ನಿಂತು ಕೇಳುತ್ತಿದ್ದರು.

ರಸ್ತೆಗಳಿಗೆ ಮಣ್ಣು ಸುರಿದು
ತಲಪಾಡಿಯಲ್ಲಿ ಅಡ್ಡ ಕಟ್ಟಿದ ಆ ಮಾರ್ಚಿನಲ್ಲಿ
ಆಂಬುಲೆನ್ಸ್ ಎರಡು ಗಂಟೆ ನಿಂತಿತು.
ಅಡ್ಡ ನಿಂತ ಹುಡುಗನಿಗೂ ಬೇಜಾರಿತ್ತು, ಕಣ್ಣು ತಪ್ಪಿಸಿದ.
ಬಿಡಲಿಕ್ಕೆ ಇಲ್ಲ ಎಂದದ್ದು ಮಾತ್ರ
ಒಳ್ಳೆಯ ಕನ್ನಡದಲ್ಲಿ,
ನಾನು ಇಷ್ಟು ವರ್ಷ ಒತ್ತಕ್ಷರ ತಪ್ಪದೆ
ಕಾಪಾಡಿಕೊಂಡು ಬಂದದ್ದರಲ್ಲೇ.
ಸೈರನ್ ಆರಿಸಿ ಎಂದರು. ಡ್ರೈವರ್ ಆರಿಸಿದ.
ನಾನು ಎಡಗೈಗೆ ಕಿವಿಯಿಟ್ಟೇ ಕೂತಿದ್ದೆ.

ದುಂಬಿ ಯಾವಾಗ ಹೋಯಿತೆಂದು
ನಿಮಿಷ ಲೆಕ್ಕ ಹೇಳಬಲ್ಲೆ. ಬೇಡ.

ಆ ರಾತ್ರಿ ಆರು ಸಾಲು.
ಹೆಸರು, ಪ್ರಾಯ ಐವತ್ತೆರಡು, ಮುಂದೆ ಒಂದು ‘ಇಂದ’ ಬರಬೇಕು,
ಹೃದಯಾಘಾತದಿಂದ, ಅಪಘಾತದಿಂದ, ಯಾವುದೋ ಒಂದು.
ಬೆರಳು ಹೊಡೆದದ್ದು:
ತಲಪಾಡಿಯಿಂದ ನಿಧನರಾದರು.

ಸಂಪಾದಕರ ಫೋನು ಬಂತು.
ವಾರಿಜ, ಅದು ತಲಪಾಡಿಯಲ್ಲಿ ಅಂತ ಆಗಬೇಕಲ್ಲ,
ವಿಭಕ್ತಿ ತಪ್ಪಿದೆ.
ತಪ್ಪಿಲ್ಲ ಸಾರ್, ಎಂದೆ.
ತುಂಬ ಹೊತ್ತು ಸುಮ್ಮನಿದ್ದು
ನಾಳೆಯಿಂದ ಪ್ರಿಂಟ್ ಇಲ್ಲ, ವಾಟ್ಸಾಪಲ್ಲಿ ಪಿಡಿಎಫ್ ಮಾತ್ರ, ಎಂದರು.
ಸಪ್ತಮಿಯಲ್ಲೇ ಬಂತು.

ಸ್ಪೈರಲಿಗೆ ಐವತ್ತೈದು ರೂಪಾಯಿ, ಇರ್ಷಾದ್.
ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡು.

ಮತ್ತೆ ಫೋನು. ಬಾಯಾರಿನಿಂದ ಯಾರೋ,
ಭಾವ ತೀರಿಕೊಂಡರಂತೆ.
ಹೆಸರು ಬರೆದುಕೊಂಡೆ. ಮನೆ, ಮಕ್ಕಳು ಎಷ್ಟು.
ಎಂತದರಿಂದ? ಎಂದು ಕೇಳಿದೆ.
ಆಚೆ ಕಡೆ ಪಾತ್ರೆ ಎತ್ತಿಡುವ ಸದ್ದು,
ಯಾರನ್ನೋ ಕೇಳುತ್ತಾರೆ, ಅವರು ಇನ್ನೊಬ್ಬರನ್ನು.
ನೀವೇ ಏನಾದರೂ ಹಾಕಿ ಅಕ್ಕ,
ಎನ್ನುತ್ತಾರೆ.